ಕಡತದಿಂದ ಜಾಲತಾಣಕ್ಕೆ: ಅಂತರಜಾಲ, ಆಡಳಿತ ಕನ್ನಡ ಮತ್ತು ಉತ್ತರದಾಯಿತ್ವ

ಆಡಳಿತವನ್ನು ಕುರಿತ ಇತ್ತೀಚಿನ ದಶಕಗಳ ಚರ್ಚೆಗಳಲ್ಲಿ ‘ಪಾರದರ್ಶಕತೆ’ ಮತ್ತು ‘ಉತ್ತರದಾಯಿತ್ವ’ ಎಂಬ ಎರಡು ಪದಗಳು ಸಾಮಾನ್ಯವಾಗಿ ಜೊತೆಯಾಗಿಯೇ ಬಳಕೆಯಾಗುತ್ತವೆ. ಮೊದಲನೆಯದು ಬಂದರೆ ಎರಡನೆಯದು ತಾನಾಗಿ ಹಿಂಬಾಲಿಸುತ್ತದೆ ಎಂಬ ನಂಬಿಕೆ ಈ ಜೋಡಣೆಯ ಹಿಂದಿದೆ. ಆದರೆ ಅರ್ಥವನ್ನು ಬಿಡಿಸಿ ನೋಡಿದರೆ ಇವು ಎರಡು ಬೇರೆ ಕ್ರಿಯೆಗಳು. ಪಾರದರ್ಶಕವಾದುದು ತನ್ನ ಮೂಲಕ ಆಚೆಯದನ್ನು ಕಾಣಗೊಡುತ್ತದೆ. ಅದು ಕಣ್ಣಿಗೆ ಸಂಬಂಧಿಸಿದ ರೂಪಕ. ಉತ್ತರದಾಯಿ ಎಂದರೆ ಉತ್ತರವನ್ನು ಕೊಡುವವನು. ಅದು ಮಾತಿಗೆ ಸಂಬಂಧಿಸಿದ್ದು. ಕಾಣಿಸುವುದಕ್ಕೆ ಒಂದು ಪರದೆ ಸಾಕು. ಉತ್ತರಕ್ಕೆ ಮಾತ್ರ ಕೇಳುವ ವ್ಯಕ್ತಿ, ಹೇಳಬೇಕಾದ ವ್ಯಕ್ತಿ ಮತ್ತು ಇಬ್ಬರಿಗೂ ಅರ್ಥವಾಗುವ ಭಾಷೆ, ಈ ಮೂರೂ ಬೇಕು.

ಸರ್ಕಾರದ ದಾಖಲೆಗಳನ್ನು ಅಂತರಜಾಲದಲ್ಲಿ ಪ್ರಕಟಿಸುವ ಪ್ರಯತ್ನಗಳಿಗೆ ಕರ್ನಾಟಕದಲ್ಲಿ ಈಗ ಎರಡು ದಶಕಗಳಿಗೂ ಮಿಕ್ಕಿದ ಇತಿಹಾಸವಿದೆ. ಈ ಇತಿಹಾಸವನ್ನು ಆಡಳಿತಶಾಸ್ತ್ರ ಮತ್ತು ಗಣಕವಿಜ್ಞಾನದ ದೃಷ್ಟಿಯಿಂದ ಸಾಕಷ್ಟು ಪರಿಶೀಲಿಸಲಾಗಿದೆ. ಭಾಷೆಯ ದೃಷ್ಟಿಯಿಂದ ನಡೆದಿರುವ ಪರಿಶೀಲನೆ ಕಡಿಮೆ. ಪ್ರಕಟವಾದ ದಾಖಲೆಯು ಉತ್ತರವಾಗಿ ಪರಿಣಮಿಸುವುದು ಅಥವಾ ಪರಿಣಮಿಸದೆ ಉಳಿಯುವುದು ಬಹುಮಟ್ಟಿಗೆ ಅದರ ಭಾಷೆಯನ್ನು ಅವಲಂಬಿಸಿದೆ ಎಂಬುದನ್ನು ಪ್ರಸ್ತುತ ಲೇಖನ ಮುಖ್ಯವಾಗಿ ಭೂದಾಖಲೆಗಳ ನಿದರ್ಶನದ ಮೂಲಕ ವಿವೇಚಿಸುತ್ತದೆ.

1. ಶಾಸನ ಮತ್ತು ಕಡತ

ಆಡಳಿತದ ನಿಯಮಗಳನ್ನು ಜನರ ಎದುರಿಗೆ ಇಡುವುದು ಗಣಕಯುಗದ ಆವಿಷ್ಕಾರವಲ್ಲ. ಕ್ರಿ.ಶ. ಸುಮಾರು 725ರ ಲಕ್ಷ್ಮೇಶ್ವರದ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಬಾದಾಮಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ‘ಆಚಾರವ್ಯವಸ್ಥೆ’ ಇದರಲ್ಲಿದೆ. ಜನರು ಸಲ್ಲಿಸಬೇಕಾದ ತೆರಿಗೆಗಳ ವಿವರದ ಜೊತೆಗೆ ರಾಜಪುರುಷರು ಏನೇನನ್ನು ಕಾಪಾಡಬೇಕು ಎಂಬುದನ್ನೂ ಇದು ಹೇಳುತ್ತದೆ. ಪ್ರಜೆಗಳ ಕರ್ತವ್ಯದಷ್ಟೇ ಅಧಿಕಾರಿಗಳ ಕರ್ತವ್ಯವೂ ಕಲ್ಲಿನ ಮೇಲೆ, ಕನ್ನಡದಲ್ಲಿ, ಊರಿನ ನಡುವೆ ನಿಂತಿತು. ಅದನ್ನು ಓದಬಲ್ಲವರು ಕೆಲವರೇ ಇದ್ದಿರಬಹುದು. ಆದರೆ ಬರೆದುದನ್ನು ಯಾರೂ ಸುಲಭವಾಗಿ ತಿದ್ದುವಂತಿರಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಕಡತ. ಇಂದು ‘ಫೈಲು’ ಎಂಬುದಕ್ಕೆ ಸಂವಾದಿಯಾಗಿ ಬಳಕೆಯಲ್ಲಿರುವ ಈ ಪದ ಮೂಲತಃ ಒಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲ, ಆಪತ್ತೂ ಅದೇ. ಶಾಸನವು ದೇವಾಲಯದ ಅಂಗಳದಲ್ಲಿ ನಿಂತಿದ್ದರೆ ಊರಿನ ಲೆಕ್ಕವು ಶ್ಯಾನುಭೋಗರ ವಶದಲ್ಲಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯ ಪರಿಣಾಮವಾಗಿ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋಗಿ ಸಂಬಳ ಪಡೆಯುವ ಗ್ರಾಮಲೆಕ್ಕಿಗರು ಬಂದರು. ಕಪ್ಪು ಬಟ್ಟೆಯ ಬದಲು ಕಾಗದದ ವಹಿಗಳು ಬಂದಿದ್ದವು. ಆದರೂ ದಾಖಲೆಯು ಒಬ್ಬ ವ್ಯಕ್ತಿಯ ವಶದಲ್ಲಿರುವ ವ್ಯವಸ್ಥೆ ಬದಲಾಗಲಿಲ್ಲ. ರೈತನು ತನ್ನ ಪಹಣಿಗಾಗಿ ಆ ವ್ಯಕ್ತಿಯನ್ನು ಹುಡುಕಿಕೊಂಡು ಹೋಗಬೇಕಾಗಿತ್ತು.

2. ಕಾಯ್ದೆಯಲ್ಲಿ ಭಾಷೆಯ ಸ್ಥಾನ

ಕರ್ನಾಟಕವು 2000ದಲ್ಲಿಯೇ ತನ್ನದೇ ಆದ ಮಾಹಿತಿ ಹಕ್ಕಿನ ಕಾಯ್ದೆಯನ್ನು ರೂಪಿಸಿತ್ತು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆಯು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಅರ್ಜಿ ಹಾಕಿ ಮಾಹಿತಿ ಪಡೆಯುವ ಹಕ್ಕಿನಿಂದಾಗಿ ಈ ಕಾಯ್ದೆ ಜನಜನಿತವಾಗಿದೆ. ಆದರೆ ಅಂತರಜಾಲದ ದೃಷ್ಟಿಯಿಂದ ಹೆಚ್ಚು ಮುಖ್ಯವಾದುದು ಅದರ 4ನೆಯ ಪ್ರಕರಣ. ಯಾರೂ ಕೇಳದಿದ್ದರೂ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು 17 ಬಗೆಯ ವಿವರಗಳನ್ನು ತಾನಾಗಿ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಅಧಿಕಾರಿಗಳ ಅಧಿಕಾರ ಮತ್ತು ಕರ್ತವ್ಯಗಳು, ಅವರ ಮಾಸಿಕ ವೇತನ, ಸಹಾಯಧನದ ಯೋಜನೆಗಳ ಫಲಾನುಭವಿಗಳು, ಪರವಾನಗಿ ಮತ್ತು ರಿಯಾಯಿತಿ ಪಡೆದವರ ವಿವರಗಳು ಈ ಪಟ್ಟಿಯಲ್ಲಿವೆ. ಜನರು ಮಾಹಿತಿಗಾಗಿ ಅರ್ಜಿ ಹಾಕುವ ಅಗತ್ಯವೇ ಅತ್ಯಂತ ಕಡಿಮೆಯಾಗುವಂತೆ ಅಂತರಜಾಲವೂ ಸೇರಿದಂತೆ ವಿವಿಧ ಮಾಧ್ಯಮಗಳ ಮೂಲಕ ಮಾಹಿತಿ ನೀಡುತ್ತಿರಬೇಕು ಎಂಬುದು ಇದೇ ಪ್ರಕರಣದ ಆಶಯ.

ಕನ್ನಡದ ಅಧ್ಯಯನಕಾರರು ವಿಶೇಷವಾಗಿ ಗಮನಿಸಬೇಕಾದುದು ಇದರ 4ನೆಯ ಉಪಪ್ರಕರಣವನ್ನು. ಮಾಹಿತಿಯನ್ನು ಪ್ರಸಾರ ಮಾಡುವಾಗ ವೆಚ್ಚ, ಸ್ಥಳೀಯ ಭಾಷೆ ಮತ್ತು ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ಸಂವಹನದ ವಿಧಾನ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದು ಹೇಳುತ್ತದೆ. ‘ಪ್ರಸಾರ’ ಎಂಬುದಕ್ಕೆ ಕೊಟ್ಟಿರುವ ವಿವರಣೆಯಲ್ಲಿ ಸೂಚನಾಫಲಕ, ವೃತ್ತಪತ್ರಿಕೆ, ಸಾರ್ವಜನಿಕ ಘೋಷಣೆ, ಸಮೂಹ ಮಾಧ್ಯಮಗಳ ಪ್ರಸಾರ, ಅಂತರಜಾಲ ಎಲ್ಲವೂ ಒಂದೇ ಸಾಲಿನಲ್ಲಿವೆ. ಅಂದರೆ ಕಾಯ್ದೆಯ ದೃಷ್ಟಿಯಲ್ಲಿ ಅಂತರಜಾಲವು ಡಂಗುರದ ಮತ್ತು ಚಾವಡಿಯ ಫಲಕದ ಸಾಲಿಗೆ ಸೇರಿದ ಸಾಧನ. ಅವುಗಳ ಬದಲಿಗೆ ಬಂದದ್ದಲ್ಲ. ಸ್ಥಳೀಯ ಭಾಷೆಯೂ ಇಲ್ಲಿ ಅಧಿಕಾರಿಗಳ ಔದಾರ್ಯದ ವಿಷಯವಾಗಿಲ್ಲ. ಕಾಯ್ದೆಯು ವಿಧಿಸಿದ ಕರ್ತವ್ಯದ ಭಾಗವಾಗಿದೆ.

3. ‘ಭೂಮಿ’ ಯೋಜನೆ: ಒಂದು ದಾಖಲೆ, ಎರಡು ಪರಿಣಾಮ

ಕರ್ನಾಟಕದ ಕಂದಾಯ ಇಲಾಖೆಯು 2000ದ ದಶಕದ ಆರಂಭದಲ್ಲಿ ಜಾರಿಗೆ ತಂದ ‘ಭೂಮಿ’ ಯೋಜನೆಯು ಭಾರತದ ವಿದ್ಯುನ್ಮಾನ ಆಡಳಿತದ ಇತಿಹಾಸದಲ್ಲಿ ಪದೇಪದೇ ಉಲ್ಲೇಖಗೊಳ್ಳುವ ಪ್ರಯೋಗ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಅಳವಡಿಸಿದ ಕಾರ್ಯವಿದು. ಅದುವರೆಗೆ ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದ ಪಹಣಿಯು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ, ಮುದ್ರಿತವಾಗಿ ದೊರೆಯತೊಡಗಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ತಿದ್ದುಪಡಿ ಮಾಡುವ ನೌಕರನು ಬೆರಳಚ್ಚು ಕೊಟ್ಟೇ ಒಳಹೋಗಬೇಕಾದುದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ದಾಖಲಾಗುವಂತಾಯಿತು. ಮುಂದೆ ಸರ್ವೆ ನಂಬರನ್ನು ನಮೂದಿಸಿ ಅಂತರಜಾಲದಲ್ಲಿ ಯಾರು ಬೇಕಾದರೂ ಪಹಣಿಯನ್ನು ನೋಡಲು ಸಾಧ್ಯವಾಯಿತು. ಕಡತದ ಅಳಿಸಬಹುದಾದ ಬರಹ ಮತ್ತೆ ಶಾಸನದ ಬಹಿರಂಗತೆಯನ್ನು ಪಡೆದಂತೆ ಇದು ತೋರಿತು.

ಇದರ ಪ್ರಯೋಜನ ಅಲ್ಪವಾದುದಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್‌ನಿಂದ 2002ರಲ್ಲಿ ಆಲ್ಬರ್ಟ್ ಲೋಬೋ ಮತ್ತು ಸುರೇಶ್ ಬಾಲಕೃಷ್ಣನ್ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ವ್ಯವಸ್ಥೆಯನ್ನು ಬಳಸಿದವರಲ್ಲಿ ನೂರಕ್ಕೆ 66 ಮಂದಿ ಲಂಚ ಕೊಟ್ಟಿದ್ದಾಗಿ ಹೇಳಿದ್ದರೆ ‘ಭೂಮಿ’ಯ ಕಿಟಕಿಗಳನ್ನು ಬಳಸಿದವರಲ್ಲಿ ಆ ಪ್ರಮಾಣ ನೂರಕ್ಕೆ 3 ಮಾತ್ರವಾಗಿತ್ತು. ಪಹಣಿಯ ಪ್ರತಿಯನ್ನು ಪಡೆಯುವ ಮಟ್ಟಿಗೆ ಮಧ್ಯವರ್ತಿಯ ಹಂಗು ತಪ್ಪಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಪ್ರದೇಶವನ್ನು ಗಮನದಲ್ಲಿರಿಸಿ ನಡೆಸಿದ ಅಧ್ಯಯನವು ಬೇರೆಯದೇ ಆದ ಚಿತ್ರವನ್ನು ಮುಂದಿಟ್ಟಿತು. ದಾಖಲೆಗಳ ನಿರ್ವಹಣೆ ಹಳ್ಳಿಯ ಮಟ್ಟದಿಂದ ಮೇಲಕ್ಕೆ ಸರಿದುದರಿಂದ ಭೂವ್ಯವಹಾರಗಳಿಗೆ ತಗಲುವ ಕಾಲವೂ ಲಂಚವೂ ಹೆಚ್ಚಿದವು. ನಗರದ ಭೂಮಿಯ ಬೆಲೆ ಏರುತ್ತಿದ್ದ ಕಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ಭೂಮಿಯನ್ನು ಸಂಗ್ರಹಿಸುವವರಿಗೆ ಈ ವ್ಯವಸ್ಥೆ ಅನುಕೂಲ ಮಾಡಿಕೊಟ್ಟಿತು ಎಂಬುದು ಅದರ ವಾದ.

ಈ ಎರಡು ಅಧ್ಯಯನಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸಿದರೂ ಅವು ಅಳೆದಿರುವುದು ಬೇರೆ ಬೇರೆ ಕ್ರಿಯೆಗಳನ್ನು. ಮೊದಲನೆಯದು ದಾಖಲೆಯ ಪ್ರತಿ ಪಡೆಯುವುದನ್ನು ಕುರಿತದ್ದು. ಎರಡನೆಯದು ಆ ದಾಖಲೆಯನ್ನು ಆಧರಿಸಿ ನಡೆಯುವ ವ್ಯವಹಾರವನ್ನು ಕುರಿತದ್ದು. ತೆರೆದಿಟ್ಟ ದಾಖಲೆ ಎಲ್ಲರಿಗೂ ಒಂದೇ ಆಗಿ ಕಂಡರೂ ಎಲ್ಲರಿಗೂ ಒಂದೇ ಬಗೆಯಲ್ಲಿ ಒದಗುವುದಿಲ್ಲ. ವಕೀಲರನ್ನೂ ದಲ್ಲಾಳಿಗಳನ್ನೂ ಇಟ್ಟುಕೊಂಡ ಸಂಸ್ಥೆಯು ಒಂದು ಹೋಬಳಿಯ ಪಹಣಿಗಳನ್ನೆಲ್ಲ ಒಟ್ಟಿಗೆ ಓದಬಲ್ಲದು. ಎರಡು ಎಕರೆಯ ರೈತನಿಗೆ ತನ್ನದೊಂದು ಪಹಣಿಯನ್ನು ಓದಿಸಿಕೊಳ್ಳುವುದೂ ಕಷ್ಟವಾಗಬಹುದು. ಹೀಗಾಗಿ ದಾಖಲೆಯನ್ನು ‘ನೋಡುವ’ ಪ್ರಶ್ನೆಯಿಂದ ‘ಓದುವ’ ಪ್ರಶ್ನೆಗೆ ಹೊರಳಬೇಕಾಗುತ್ತದೆ.

4. ಕಾಣುವ ಕನ್ನಡ, ಓದಬರುವ ಕನ್ನಡ

‘ಪಹಣಿ’ ಎಂಬ ಪದವೇ ನೋಟಕ್ಕೆ ಸಂಬಂಧಿಸಿದ್ದು. ಮರಾಠಿಯಲ್ಲಿ ಅದಕ್ಕೆ ಪರಿಶೀಲನೆ, ತನಿಖೆ ಎಂಬ ಅರ್ಥವಿದೆ. ಹೊಲಕ್ಕೆ ಹೋಗಿ ಬೆಳೆಯನ್ನು ಕಣ್ಣಾರೆ ನೋಡಿ ಬರೆದುದು ಪಹಣಿ. ಇದರೊಡನೆ ಖಾತೆ, ಹಿಸ್ಸಾ, ಖರಾಬು, ಜಮಾಬಂದಿ, ಪೋಡಿ ಮೊದಲಾದ ಪದಗಳು ಪಾರಸಿ, ಅರಬ್ಬಿ, ಮರಾಠಿ ಮುಂತಾದ ಮೂಲಗಳಿಂದ ಬಂದು ಕನ್ನಡದ ಕಂದಾಯ ಭಾಷೆಯಾಗಿ ನೆಲೆನಿಂತಿವೆ. ಇವು ಪರಕೀಯವೆಂಬ ಕಾರಣಕ್ಕೆ ಕಠಿಣವಾದವುಗಳಲ್ಲ. ‘ಖರಾಬು’ ಎಂದರೆ ಸಾಗುವಳಿಗೆ ಒದಗದ ನೆಲ ಎಂಬುದು ಹಳ್ಳಿಯವರಿಗೆ ತಿಳಿದೇ ಇದೆ. ಅದರ ಬದಲು ಸಂಸ್ಕೃತದಿಂದ ಹೊಸ ಪದವೊಂದನ್ನು ಟಂಕಿಸಿದರೆ ತಿಳಿವಳಿಕೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ತೊಡಕು ಇರುವುದು ಪದಗಳಿಗಿಂತ ಹೆಚ್ಚಾಗಿ ದಾಖಲೆಯ ರಚನೆಯಲ್ಲಿ. ಪಹಣಿಯ 9ನೆಯ ಕಾಲಂ ಸ್ವಾಧೀನದಾರನ ಹೆಸರನ್ನೂ, 11ನೆಯದು ಹಕ್ಕು ಮತ್ತು ಋಣಗಳನ್ನೂ, 12ನೆಯದು ಸಾಗುವಳಿ ಮತ್ತು ಬೆಳೆಯ ವಿವರವನ್ನೂ ಕೊಡುತ್ತದೆ. ಭೂಮಿಯನ್ನು ಕೊಳ್ಳುವವನು 9 ಮತ್ತು 11ನ್ನು ನೋಡುತ್ತಾನೆ. ಉಳುವವನ ಹಿತ ಅಡಗಿರುವುದು 12ರಲ್ಲಿ. 1974ರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ತಮ್ಮ ಸಾಗುವಳಿಯನ್ನು ಸಾಬೀತುಪಡಿಸಲು ಪಹಣಿಯ ನಮೂದು ಮುಖ್ಯ ಆಧಾರವಾಗಿತ್ತೆಂಬುದನ್ನು ನೆನೆದರೆ ಒಂದು ಹೆಸರಿನ ಇರವು ಅಥವಾ ಅಭಾವ ಒಂದು ಕುಟುಂಬದ ಬದುಕನ್ನೇ ನಿರ್ಧರಿಸಬಲ್ಲದೆಂಬುದು ವಿದಿತವಾಗುತ್ತದೆ. ಪರದೆಯ ಮೇಲೆ ಮೂಡುವ ಪಹಣಿಯಲ್ಲಿ ಈ ಕಾಲಂಗಳೆಲ್ಲ ಕಾಣುತ್ತವೆ. ಆದರೆ ಯಾವ ಕಾಲಂನಲ್ಲಿ ತಪ್ಪಿದ್ದರೆ ಯಾರನ್ನು, ಎಷ್ಟು ದಿನಗಳೊಳಗೆ ಕೇಳಬೇಕು ಎಂಬ ತಿಳಿವಳಿಕೆಯನ್ನು ಆ ಹಾಳೆ ತಾನಾಗಿ ಕೊಡುವುದಿಲ್ಲ. ಹಕ್ಕು ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ಕಾನೂನು ಗೊತ್ತುಪಡಿಸಿದ ಅವಧಿಯ ಅವಕಾಶ ಕೊಡುತ್ತದೆ. ಆ ಸೂಚನೆಯನ್ನು ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ಆ ಅವಧಿ ಕಳೆದರೆ ಪ್ರಕಟಣೆಯ ಉದ್ದೇಶವೇ ವಿಫಲವಾದಂತೆ.

ಲಿಪಿಯ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಸರ್ಕಾರಿ ಕಚೇರಿಗಳ ಕನ್ನಡ ಬಹುಕಾಲ ನಿರ್ದಿಷ್ಟ ಅಕ್ಷರಶೈಲಿಗಳನ್ನು ಅವಲಂಬಿಸಿದ ಸಂಕೇತಗಳಲ್ಲಿ ಉಳಿಯಿತು. ಆ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಸ್ಥಾನದಲ್ಲಿ ಕೂರಿಸಲಾಗುತ್ತಿತ್ತು. ಅಕ್ಷರಶೈಲಿ ಇದ್ದ ಗಣಕದಲ್ಲಿ ಅದು ಕನ್ನಡವಾಗಿ ಕಾಣುತ್ತಿತ್ತು. ಇಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತಿತ್ತು. ಯಂತ್ರದ ಪಾಲಿಗಂತೂ ಅದು ಕನ್ನಡವೇ ಆಗಿರಲಿಲ್ಲ. ಆದುದರಿಂದ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಆ ಊರಿನ ಆದೇಶ ಜಾಲತಾಣದಲ್ಲಿದ್ದರೂ ಸಿಗುತ್ತಿರಲಿಲ್ಲ. ಸಹಿ ಹಾಕಿದ ಕಾಗದವನ್ನು ಛಾಯಾಚಿತ್ರದಂತೆ ತೆಗೆದು ಏರಿಸುವ ಪದ್ಧತಿಯಲ್ಲಿಯೂ ಇದೇ ತೊಡಕಿದೆ. ಅಂತಹ ಪುಟವನ್ನು ಮನುಷ್ಯ ಓದಬಲ್ಲ. ಆದರೆ ಸಾವಿರಾರು ಪುಟಗಳ ನಡುವೆ ಅದು ಎಲ್ಲಿದೆಯೆಂದು ಹುಡುಕಿ ತೆಗೆಯುವುದು ಕಷ್ಟ. ಹುಡುಕಲು ಬಾರದ ಪ್ರಕಟಣೆಯು ಸೂಚಿಯಿಲ್ಲದ ಗ್ರಂಥಾಲಯಕ್ಕೆ ಸಮ. ಹೆಸರುಗಳ ಬರಹದಲ್ಲಿರುವ ವ್ಯತ್ಯಾಸಗಳು ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತವೆ. ‘ಸಿದ್ದಪ್ಪ’ ಮತ್ತು ‘ಸಿದ್ಧಪ್ಪ’ ಊರಿನವರಿಗೆ ಒಬ್ಬನೇ; ಗಣಕಕ್ಕೆ ಇಬ್ಬರು.

5. ಕರ್ತೃವಿಲ್ಲದ ವಾಕ್ಯ

ಓದಬರುವ, ಹುಡುಕಬರುವ ದಾಖಲೆಯೂ ಉತ್ತರವಾಗದೆ ಉಳಿಯಬಹುದು. ಇದಕ್ಕೆ ಕಾರಣ ಆಡಳಿತ ಕನ್ನಡದ ವಾಕ್ಯರಚನೆಯಲ್ಲಿಯೇ ಇದೆ. ‘ಅರ್ಜಿಯನ್ನು ಪರಿಶೀಲಿಸಲಾಗಿದೆ’, ‘ಅಗತ್ಯ ಕ್ರಮ ಕೈಗೊಳ್ಳಲಾಗುವುದು’, ‘ಸದರಿ ವಿಷಯವು ಪರಿಶೀಲನೆಯಲ್ಲಿರುತ್ತದೆ’ ಎಂಬ ಬಗೆಯ ವಾಕ್ಯಗಳು ಕಚೇರಿಯ ಪತ್ರಗಳಲ್ಲಿ ಹೇರಳವಾಗಿವೆ. ಇವುಗಳಲ್ಲಿ ಕರ್ಮವಿದೆ, ಕ್ರಿಯೆಯಿದೆ, ಕರ್ತೃ ಇಲ್ಲ. ಆಡುಮಾತಿನಲ್ಲಿ ಈ ಪ್ರಯೋಗ ವಿರಳ. ‘ಯಾರು ನೋಡಿದರು, ಯಾವಾಗ ನೋಡಿದರು’ ಎಂದು ಕೇಳುವ ಹಳ್ಳಿಯವರ ಪ್ರಶ್ನೆಗೆ ‘ನೋಡಲಾಗಿದೆ’ ಎಂಬುದು ಉತ್ತರವಾಗಲಾರದು.

ಕರ್ತೃಲೋಪವು ಎಲ್ಲ ಸಂದರ್ಭಗಳಲ್ಲಿಯೂ ದೋಷವಲ್ಲ. ನಿಯಮವನ್ನು ಹೇಳುವಾಗ, ಶಾಸ್ತ್ರೀಯ ನಿರೂಪಣೆಯಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಒಬ್ಬ ಅಧಿಕಾರಿಯ ತೀರ್ಮಾನವನ್ನು ಅದರಿಂದ ಬಾಧಿತನಾದ ವ್ಯಕ್ತಿಗೆ ತಿಳಿಸುವಾಗ ಕರ್ತೃವನ್ನು ಬಿಡುವುದು ವ್ಯಾಕರಣದ ಸಂಗತಿಯಷ್ಟೇ ಆಗಿ ಉಳಿಯುವುದಿಲ್ಲ. ಹೊಣೆಯೇ ವಾಕ್ಯದಿಂದ ಜಾರಿಹೋಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣವು ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರು ಮತ್ತು ಪದನಾಮವನ್ನು ಪ್ರಕಟಿಸಬೇಕೆಂದೂ, ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕೆಂದೂ ಹೇಳುತ್ತದೆ. ಸಕಾರಣವಿಲ್ಲದೆ ಮಾಹಿತಿಯನ್ನು ತಡಮಾಡಿದರೆ ಅಥವಾ ನಿರಾಕರಿಸಿದರೆ 20ನೆಯ ಪ್ರಕರಣದಂತೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಬೀಳುವುದು ಆ ಅಧಿಕಾರಿಯ ಮೇಲೆಯೇ. ಕಾಯ್ದೆ ಕರ್ತೃವನ್ನು ಹೆಸರಿಸುತ್ತದೆ. ಕಚೇರಿಯ ಕನ್ನಡ ಅವನನ್ನು ಮರೆಮಾಡುತ್ತದೆ. ಅಂತರಜಾಲವು ಈ ಎರಡನೆಯ ಬಗೆಯ ಕನ್ನಡವನ್ನು ಇದ್ದಂತೆಯೇ ಪ್ರಕಟಿಸಿದರೆ ಮರೆಯೂ ಬಹಿರಂಗವಾಗಿಯೇ ಮುಂದುವರಿಯುತ್ತದೆ.

ಕರ್ತೃವನ್ನು ಮತ್ತೆ ವಾಕ್ಯದೊಳಕ್ಕೆ ತರುವ ಒಂದು ಪ್ರಯತ್ನವಾಗಿ ‘ಸಕಾಲ’ವನ್ನು ನೋಡಬಹುದು. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಕರ್ನಾಟಕದ ಕಾಯ್ದೆಯ ಅಡಿಯಲ್ಲಿ 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಇದು ರಾಜ್ಯವ್ಯಾಪಿಯಾಗಿ ಆರಂಭವಾಯಿತು. ಪ್ರತಿಯೊಂದು ಸೇವೆಗೂ ಗೊತ್ತುಪಡಿಸಿದ ಅವಧಿಯಿದೆ. ಪ್ರತಿಯೊಂದು ಅರ್ಜಿಗೂ ಒಂದು ಸಂಖ್ಯೆಯಿದೆ. ಅದರ ಸ್ಥಿತಿಯನ್ನು ಅಂತರಜಾಲದಲ್ಲಿ ನೋಡಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚವನ್ನು ಕಾಯ್ದೆ ನಿಗದಿಪಡಿಸಿತು. ಮೊತ್ತ ಸಣ್ಣದು. ಆದರೆ ‘ಯಾರು, ಎಷ್ಟು ದಿನಗಳಲ್ಲಿ’ ಎಂಬ ಎರಡು ಪ್ರಶ್ನೆಗಳಿಗೆ ಅರ್ಜಿ ಕೊಟ್ಟ ದಿನವೇ ಉತ್ತರ ದೊರೆಯುವುದು ಮುಖ್ಯ. ಎಲ್ಲರಿಗೂ ತಿಳಿಯುವ ಕನ್ನಡದ ಪದವೊಂದು ಈ ವ್ಯವಸ್ಥೆಯ ಹೆಸರಾದುದೂ ಅದು ಬೇಗನೆ ಪರಿಚಿತವಾಗಲು ಸಹಾಯಕವಾದ ಅಂಶ.

6. ಕಣ ಮತ್ತು ಕಣಜ

ಲಿಖಿತ ದಾಖಲೆಯು ಉತ್ತರವಾಗಿ ಮಾರ್ಪಡುವ ಬಗೆಯನ್ನು ಅಂತರಜಾಲ ಹಳ್ಳಿಗಳನ್ನು ತಲುಪುವ ಮುನ್ನವೇ ರಾಜಸ್ಥಾನದಲ್ಲಿ ಕಾಣಬಹುದಾಗಿತ್ತು. 1990ರಲ್ಲಿ ಸ್ಥಾಪಿತವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರಲ್ಲಿ ಕೋಟ್ ಕಿರಾಣಾ ಎಂಬಲ್ಲಿ ಮೊದಲ ‘ಜನ್ ಸುನ್‌ವಾಯಿ’ಯನ್ನು, ಅಂದರೆ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಿತು. ಕಾಮಗಾರಿಯ ದಾಖಲೆಗಳನ್ನು ಊರಿನವರ ಎದುರು ಗಟ್ಟಿಯಾಗಿ ಓದಲಾಯಿತು. ಅಕ್ಷರ ಬಾರದವರೂ ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂಬುದನ್ನು ಕೇಳಿ, ಅದು ನಿಜವೋ ಸುಳ್ಳೋ ಎಂದು ಅಲ್ಲಿಯೇ ಹೇಳಬಲ್ಲವರಾದರು. ಮಾಹಿತಿ ಹಕ್ಕಿನ ಚಳವಳಿಗೆ ಬಲ ಬಂದುದು ಇಂತಹ ಸಭೆಗಳಿಂದ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಸಾಮಾಜಿಕ ಪರಿಶೋಧನೆಗೆ ಸ್ಥಾನ ದೊರೆತುದರ ಹಿನ್ನೆಲೆಯೂ ಇದೇ. ಆ ಕಾಯ್ದೆಯ ಜಾಲತಾಣದಲ್ಲಿ ಹಾಜರಿ ಪಟ್ಟಿಗಳು ಪ್ರಕಟವಾದವು. ಆದರೆ ಪಟ್ಟಿಯಲ್ಲಿರುವ ಹೆಸರಿನವನು ನಿಜವಾಗಿ ಕೆಲಸ ಮಾಡಿದನೇ ಎಂಬುದನ್ನು ಹೇಳಬಲ್ಲವರು ಆ ಊರಿನವರು ಮಾತ್ರ.

ರಾಜಸ್ಥಾನವು 2019ರಲ್ಲಿ ‘ಜನ್ ಸೂಚನಾ’ ಜಾಲತಾಣವನ್ನು ಆರಂಭಿಸಿತು. ಕರ್ನಾಟಕದಲ್ಲಿ 2021ರಲ್ಲಿ ಬಂದ ‘ಮಾಹಿತಿ ಕಣಜ’ ಇದೇ ಬಗೆಯದು. ಹಲವು ಇಲಾಖೆಗಳ ಯೋಜನೆಗಳ ವಿವರಗಳನ್ನು ಅರ್ಜಿಯ ಹಂಗಿಲ್ಲದೆ ಒಂದೆಡೆ ಕೊಡುವುದು ಇದರ ಉದ್ದೇಶ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣದ ಆಶಯಕ್ಕೆ ಇದು ಹತ್ತಿರವಾದ ಪ್ರಯತ್ನ. ಅದರ ಹೆಸರು ಅರ್ಥಪೂರ್ಣವಾಗಿದೆ. ಅದು ಸೂಚಿಸುವ ರೂಪಕವನ್ನು ಇನ್ನೂ ಸ್ವಲ್ಪ ಮುಂದುವರಿಸಬಹುದು. ಕಣಜವು ಧಾನ್ಯವನ್ನು ಕೂಡಿಡುವ ತಾಣ. ಅದಕ್ಕೆ ಮುನ್ನ ಬರುವುದು ಕಣ. ಅಲ್ಲಿ ತೆನೆ ಬಡಿದು, ತೂರಿ, ಜೊಳ್ಳನ್ನು ಬೇರ್ಪಡಿಸಿ, ರಾಶಿಯನ್ನು ಎಲ್ಲರ ಎದುರು ಅಳೆಯುತ್ತಾರೆ. ಯಾರ ಪಾಲು ಎಷ್ಟು ಎಂಬ ವಾದವಿವಾದ ನಡೆಯುವುದೂ ಅಲ್ಲಿಯೇ. ಅಂತರಜಾಲವು ಮಾಹಿತಿಯ ಕಣಜವನ್ನು ಕಟ್ಟಬಲ್ಲದು. ಕಣದ ಕೆಲಸವನ್ನು ಗ್ರಾಮಸಭೆ, ಸಾಮಾಜಿಕ ಪರಿಶೋಧನೆ, ಮೇಲ್ಮನವಿ ಪ್ರಾಧಿಕಾರಗಳೇ ಮಾಡಬೇಕು. ಜೊಳ್ಳೂ ಕಾಳೂ ಬೆರೆತ ಮಾಹಿತಿಯನ್ನು ಹಾಗೆಯೇ ಕಣಜಕ್ಕೆ ತುಂಬಿದರೆ ಅದು ತುಂಬಿದಂತೆ ಕಾಣುತ್ತದೆ, ಅಷ್ಟೆ.

7. ಕನ್ನಡ ಅಧ್ಯಯನದ ಪಾಲು

ಪ್ರಕಟಣೆಯ ವ್ಯಾಪ್ತಿಯ ಬಗ್ಗೆ ಈಗ ಹೊಸ ಪ್ರಶ್ನೆಯೂ ಎದ್ದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯ 8ನೆಯ ಪ್ರಕರಣದಲ್ಲಿ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ವಿನಾಯಿತಿಯನ್ನು ವಿಸ್ತರಿಸುವ ತಿದ್ದುಪಡಿಯನ್ನು ತಂದಿತು. ವ್ಯಕ್ತಿಯ ಖಾಸಗಿತನ ರಕ್ಷಣೆಗೆ ಅರ್ಹವಾದುದೇ ಸರಿ. ಆದರೆ ಫಲಾನುಭವಿಗಳ ಹೆಸರಿಲ್ಲದ ಪಟ್ಟಿಯನ್ನು ಯಾವ ಗ್ರಾಮಸಭೆಯೂ ಪರಿಶೀಲಿಸಲಾರದು. ಸಾರ್ವಜನಿಕ ಹಿತವೇ ಮೇಲಾದಾಗ ಮಾಹಿತಿ ಕೊಡಬಹುದೆಂಬ ಉಪಪ್ರಕರಣ ಕಾಯ್ದೆಯಲ್ಲಿ ಉಳಿದಿದ್ದರೂ, ಹಿತ ಮೇಲೆಂದು ತೋರಿಸುವ ಭಾರ ವ್ಯವಹಾರದಲ್ಲಿ ಕೇಳುವವನ ಮೇಲೆಯೇ ಬೀಳುತ್ತದೆ. ಕೇಳುವವನ ಭಾಷಾಸಾಮರ್ಥ್ಯಕ್ಕೆ ಹಿಂದೆಂದಿಗಿಂತ ಹೆಚ್ಚು ಮಹತ್ವ ಬಂದಿರುವುದು ಇದರಿಂದಲೇ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು ಹಲವು. ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವ ಕಂದಾಯ ಪದಗಳನ್ನು ಅವುಗಳ ಬಳಕೆಯ ಸಂದರ್ಭದೊಡನೆ ಸಂಗ್ರಹಿಸುವುದು ಮೊದಲನೆಯದು. ವ್ಯಕ್ತಿನಾಮ ಮತ್ತು ಗ್ರಾಮನಾಮಗಳ ಬರಹದ ಪರ್ಯಾಯ ರೂಪಗಳನ್ನು ಪಟ್ಟಿಮಾಡಿ, ಹುಡುಕುವ ತಂತ್ರಾಂಶಗಳಿಗೆ ಒದಗುವಂತೆ ಸಿದ್ಧಪಡಿಸುವುದು ಎರಡನೆಯದು; ಸ್ಥಳನಾಮಗಳ ಬಗ್ಗೆ ಕನ್ನಡದಲ್ಲಿ ನಡೆದಿರುವ ಸಂಶೋಧನೆಗೆ ಇಲ್ಲಿ ನೇರವಾದ ಪ್ರಯೋಜನವಿದೆ. ಆದೇಶ ಮತ್ತು ಹಿಂಬರಹಗಳ ವಾಕ್ಯರಚನೆಯನ್ನು ಅಧ್ಯಯನ ಮಾಡಿ, ಕರ್ತೃ, ಕಾಲ ಮತ್ತು ಕಾರಣಗಳನ್ನು ಸ್ಪಷ್ಟವಾಗಿ ಹೇಳುವ ಮಾದರಿಗಳನ್ನು ರೂಪಿಸುವುದು ಮೂರನೆಯದು. ಆಡಳಿತ ಕನ್ನಡವನ್ನು ಪಠ್ಯವಾಗಿ ಬೋಧಿಸುವ ತರಗತಿಗಳಲ್ಲಿ ಪತ್ರ ಬರೆಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಪಹಣಿಯನ್ನೂ ಹಿಂಬರಹವನ್ನೂ ಓದುವುದನ್ನು ಕಲಿಸುವುದು ನಾಲ್ಕನೆಯದು.

ಆಡಳಿತದಲ್ಲಿ ಕನ್ನಡ ಎಂಬ ಬೇಡಿಕೆಯನ್ನು ಬಹುಕಾಲದಿಂದ ಭಾಷೆಯ ಗೌರವದ ಪ್ರಶ್ನೆಯಾಗಿ ಮಂಡಿಸಲಾಗಿದೆ. ದಾಖಲೆಗಳು ಅಂತರಜಾಲಕ್ಕೆ ಬಂದ ಮೇಲೆ ಅದು ಉತ್ತರದಾಯಿತ್ವದ ಪ್ರಶ್ನೆಯೂ ಆಗಿದೆ. ತನ್ನ ಪಹಣಿಯ 12ನೆಯ ಕಾಲಂನಲ್ಲಿ ತನ್ನ ಹೆಸರು ಏಕಿಲ್ಲ ಎಂದು ರೈತನೊಬ್ಬ ಕನ್ನಡದಲ್ಲಿ ಕೇಳಿದಾಗ, ಇಂಥ ದಿನ, ಇಂಥ ಅಧಿಕಾರಿ, ಇಂಥ ಕಾರಣಕ್ಕಾಗಿ ಅದನ್ನು ತೆಗೆದರು ಎಂದು ಅವನಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ವ್ಯವಸ್ಥೆಯಿದ್ದರೆ ಮಾತ್ರ ಆ ಆಡಳಿತವನ್ನು ಉತ್ತರದಾಯಿ ಎಂದು ಕರೆಯಬಹುದು.